ಎಷ್ಟು ಪುಟ ಆಯ್ತು?

೧೪, ಮಂಗಳವಾರ

ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಮೂರು ತಿಂಗಳಿಂದ ಮಾಲೀಕರು ಫೋನ್ ಮಾಡಿದಾಗಲೆಲ್ಲ ಕೇಳಿದ್ದು ಅದೊಂದೇ: "ಎಷ್ಟು ಪುಟ ಆಯ್ತು ಮೇಡಂ?" ಮೇಸ್ತ್ರಿ ಹೇಗಿದ್ದಾರೆ ಅಂತ ಒಂದು ಸಲವೂ ಕೇಳಲಿಲ್ಲ. ಅಲ್ಲೇ ನನಗೆ ಗೊತ್ತಾಗಬೇಕಿತ್ತು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಮೂವತ್ತು ವರ್ಷದಿಂದ ಕಣ್ಣಳತೆಯಲ್ಲೇ ಬಣ್ಣ ಬೆರೆಸುವ ಮೇಸ್ತ್ರಿ. "ಅವರಲ್ಲಿ ನಾಯಕತ್ವ ಬೆಳೆಸಿ" ಅಂತ ನನ್ನನ್ನು ಕರೆಸಿದ್ದರು. ಮಹಾ ಕೋಚ್ ನಾನು, ಗೊತ್ತಿರುವುದನ್ನೆಲ್ಲ ಬರೆದಿಡಿ, ಆತ್ಮವಿಶ್ವಾಸ ಬರುತ್ತೆ ಅಂದೆ. ಪಾಪ, ದಪ್ಪ ನೋಟ್‌ಬುಕ್ಕೊಂದನ್ನು ತುಂಬಿಸಿದರು, ಪುಟಪುಟಕ್ಕೂ ಆಯಾ ಬಣ್ಣದ ಬಟ್ಟೆಯ ಚೂರು ಅಂಟಿಸಿ.

ಇವತ್ತು ಬೆಳಿಗ್ಗೆ ಅದು ಮಾಲೀಕರ ಕೈ ಸೇರಿತು. ಮಧ್ಯಾಹ್ನ ಮೇಸ್ತ್ರಿಗೆ, ನಾಳೆಯಿಂದ ಬರಬೇಡಿ ಅಂದರಂತೆ. ಪುಸ್ತಕ ಸಿಕ್ಕ ಮೇಲೆ ಮೇಸ್ತ್ರಿ ಯಾಕೆ?

ಗೇಟಿನ ತನಕ ಓಡಿಹೋಗಿ, "ದೇವರಾಣೆ, ನನಗೆ ಗೊತ್ತಿರಲಿಲ್ಲ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಹೌದೇನಮ್ಮ? ನನಗೆ ಮೊದಲ ವಾರವೇ ಗೊತ್ತಾಯ್ತು. ನೀವೂ ಗೊತ್ತಿದ್ದೇ ಬಂದಿದ್ದೀರಿ ಅಂದ್ಕೊಂಡೆ. ಪಾಪ, ನಿಮಗೂ ಹೊಟ್ಟೆಪಾಡು ಅಂತ ಬರೆದುಕೊಟ್ಟೆ."

ಮೂರು ತಿಂಗಳು ನನ್ನೆದುರು ಕೂತು ನಗುನಗುತ್ತಾ ಬರೆದರಲ್ಲ, ಅಷ್ಟು ದಿನವೂ ಅವರ ಕಣ್ಣಿಗೆ ನಾನು ಗೊತ್ತಿದ್ದೇ ಅವರ ಕೆಲಸ ಕಸಿಯಲು ಬಂದವಳು.