ಒಂದೇ ಕಡೆಯ ಸಂಪರ್ಕ

ಪ್ರೀತಿಯ ತಮ್ಮನಿಗೆ,

ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ.

ಹೋದ ಭಾನುವಾರದ ಹ್ಯಾಮ್ ರೇಡಿಯೊ ಸ್ಪರ್ಧೆಯಲ್ಲಿ ನಾನು ಕರೆದೆ, ನೀನು ಉತ್ತರ ಕೊಟ್ಟೆ. ನಿಯಮದ ಪ್ರಕಾರ ಇದು ಎಷ್ಟನೆಯ ಸಂಪರ್ಕವೆಂದು ಒಬ್ಬರಿಗೊಬ್ಬರು ನಂಬರ್ ಹೇಳಿದೆವು, ಅಷ್ಟೆ. ಪಕ್ಕದ ಮನೆಯ ಮೇಲೆ ವಾಲಿದ್ದ ಅಪ್ಪನ ಆಂಟೆನಾ ಕಂಬವನ್ನು ನಾನು ಇಳಿಸಿ, ಬರೀ ತಂತಿ ಕಟ್ಟಿಸಿದ ಮೇಲೆ ನೀನು ನನ್ನೊಡನೆ ಆಡಿದ ಮೊದಲ ಮಾತು ಅದು. ಅಮ್ಮ ಪಕ್ಕದಲ್ಲೇ ಕೂತಿದ್ದಳು. ನಿನ್ನ ದನಿ ಕೇಳಿದ್ದೇ ಲೋಟ ಕೆಳಗಿಟ್ಟು, "ಇಳಿದುಹೋಗಿದಾನೆ ಕಣೇ, ದನೀಲೇ ಗೊತ್ತಾಗುತ್ತೆ" ಎಂದಳು.

ನಿನ್ನೆ ಸ್ಪರ್ಧೆ ನಡೆಸುವ ಮೇಷ್ಟ್ರು ಫೋನ್ ಮಾಡಿದ್ದರು. ಯಾರ್ಯಾರೊಡನೆ ಮಾತಾಡಿದೆವೆಂದು ನಾವು ಕಳಿಸಿದ ಪಟ್ಟಿಗಳಲ್ಲಿ, ನನ್ನದರಲ್ಲಿ ನೀನಿದ್ದೀಯ, ನಿನ್ನದರಲ್ಲಿ ನಾನಿಲ್ಲವಂತೆ.

"ಇಲ್ಲಿ ಎಲ್ಲ ನಂಬಿಕೆ ಮೇಲೆ ನಡಿಯೋದಮ್ಮ. ಇಬ್ಬರಲ್ಲಿ ಯಾರದು ಸುಳ್ಳು?"

"ನಂದೇ ಸಾರ್, ಹೊಡೆದುಹಾಕಿ" ಎಂದೆ.

ತನ್ನದಲ್ಲದ ಒಂದು ಅಂಕವನ್ನೂ ಅಪ್ಪ ಎಂದೂ ಕೇಳದ ಆಟದಲ್ಲಿ ಈಗ ನಾನು ಸುಳ್ಳುಗಾತಿ. ಇರಲಿ.

ಬುಧವಾರ ಅಮ್ಮನಿಗೆ ಹೃದಯದ ಆಪರೇಷನ್. ಸೋಮವಾರ ಸಂಜೆ, ಆಸ್ಪತ್ರೆಗೆ ಹೊರಡುವ ಮೊದಲು, ರೇಡಿಯೊ ಅವಳ ಪಕ್ಕದಲ್ಲಿಟ್ಟು ಅದೇ ಫ್ರೀಕ್ವೆನ್ಸಿಯಲ್ಲಿ ನಿನ್ನನ್ನು ಕರೆಯುತ್ತೇನೆ. ಸ್ಪರ್ಧೆ ಇಲ್ಲ, ಅಂಕ ಇಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ನನ್ನ ದನಿ ನಿನಗೆ ಕೇಳಿಸುತ್ತಿಲ್ಲ ಎನ್ನುವುದಾದರೆ, ಅದನ್ನಾದರೂ ರೇಡಿಯೊದಲ್ಲೇ ಹೇಳು. ಅಮ್ಮನಿಗೆ ಅಷ್ಟು ಸಾಕು.

ಇಂತಿ,
ಕಂಬ ಇಳಿಸಿದ ಅಕ್ಕ