ಅಳಿಸದ ಮಚ್ಚೆಗಳು

ಶಿರಸಿ, ಶುಕ್ರವಾರ

ಪ್ರೀತಿಯ ಚಿಕ್ಕಿ,

ಡೇರೆ ಹೂವಿನ ನೆಪದಲ್ಲಿ ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿ ತೆಗೆದ ಫೋಟೋ ಕಳಿಸಿದ್ದೇನೆ. ಇನ್‌ಫ್ರಾರೆಡ್ ಕ್ಯಾಮೆರಾದ್ದು, ಅದಕ್ಕೇ ಎಲೆಗಳೆಲ್ಲ ಹತ್ತಿಯಂತೆ ಬೆಳ್ಳಗಿವೆ. ಕಂಪ್ಯೂಟರಿನಲ್ಲಿ ಆಕಾಶದ ಬಣ್ಣವನ್ನಷ್ಟೇ ತಿದ್ದಿದ್ದೇನೆ. ನಿನ್ನ ಮುಖದ ಬಿಳಿ ಮಚ್ಚೆಗಳನ್ನು ನಾನು ಅಳಿಸಿಲ್ಲ. ಆ ಕ್ಯಾಮೆರಾಕ್ಕೆ ಅವು ಕಾಣುವುದೇ ಇಲ್ಲ.

ತಮ್ಮನ ಮದುವೆಯ ಆಲ್ಬಮ್ಮಿನಲ್ಲಿ ಅಳಿಸಿದ್ದೆ, ನಿನ್ನನ್ನು ಕೇಳದೆ. ಅದನ್ನು ನೋಡಿ ನೀನು “ಇದು ಯಾರೇ?” ಎಂದೆ. ತಮಾಷೆಯೆಂದು ನಾನು ನಕ್ಕುಬಿಟ್ಟೆ. ಆಮೇಲೆ ಯಾವಾಗ ಕರೆದರೂ “ಫೋಟೋಕ್ಕೆ ಆನು ಬತ್ನಿಲ್ಲೆ” ಎಂದು ನೀನು ತಪ್ಪಿಸಿಕೊಳ್ಳತೊಡಗಿದೆ.

ಅದೇ ದಿನ ಸಾದಾ ಕ್ಯಾಮೆರಾದಲ್ಲಿ ತೆಗೆದದ್ದೂ ಕವರಿನಲ್ಲಿದೆ. ಮಚ್ಚೆಗಳು ಇದ್ದ ಹಾಗೇ ಇವೆ, ನಗುವೂ ಇದೆ. ನನ್ನ ಸ್ಟುಡಿಯೋ ಗೋಡೆಗೆ ಅದನ್ನೇ ಹಾಕಲೇ? ಈ ಸಲ ಕೇಳುತ್ತಿದ್ದೇನೆ.

ನಿನ್ನ ಅಕ್ಕನ ಮಗಳು,
ರಕ್ಷಿತಾ