ಹನ್ನೊಂದನೆಯ ಬೇಡಿಕೆ

ಗೋಕಾಕ, ೧೨ ಆಗಸ್ಟ್ ೧೯೩೮

ನಮ್ಮ ಕೂಸಿನ ಅಪ್ಪನವರಿಗೆ ಶರಣು.

ನೀವು ಮಾತುಕತೆಗೆಂದು ಬೆಳಗಾವಿಗೆ ಹೋದಾಗಿನಿಂದ ಮಗಳು ನಿದ್ದೆ ಮಾಡಿಲ್ಲ, ನಾನೂ ಇಲ್ಲ. ನಿನ್ನೆ ಗಿರಣಿಯ ಸಾತವ್ವ ಸಾಸಿವೆಕಾಳಿನಷ್ಟು ಅಫೀಮು ತಂದುಕೊಟ್ಟಳು.

"ನೆಕ್ಕಸ್ರಿ ಅಕ್ಕಾರ, ಸಂಜಿತನಕ ಏಳಂಗಿಲ್ಲ. ನಾವೆಲ್ಲಾ ಕೂಸುಗಳನ್ನ ಹಿಂಗ ಮಲಗಿಸೇ ಪಾಳಿಗೆ ಹೋಗತೇವಿ."

"ಬ್ಯಾಡವಾ" ಅಂದೆ.

"ಹೌದ ಬಿಡ್ರಿ, ನಿಮಗ ಯಾವ ಪಾಳಿ ಐತಿ?" ಅಂತ ನಕ್ಕು, ಅದನ್ನು ಇಟ್ಟೇ ಹೋದಳು.

ಖರೆ ಹೇಳುತ್ತೇನೆ, ಆಮೇಲೆ ಅದನ್ನು ಬೆರಳ ತುದಿಗೆ ತೆಗೆದುಕೊಂಡಿದ್ದೆ. ಮಗಳು ಥೇಟ್ ನಿಮ್ಮಂತೆ ಹುಬ್ಬು ಗಂಟಿಕ್ಕಿ ನೋಡಿದಳು. ಒಲೆಗೆ ಎಸೆದೆ.

ಮಾಲಕರ ಮುಂದಿಡುವ ನಿಮ್ಮ ಯೂನಿಯನ್ನಿನ ಹತ್ತು ಬೇಡಿಕೆಗಳಲ್ಲಿ ತೊಟ್ಟಿಲ ಕೋಣೆ ಇಲ್ಲ. ಗಿರಣಿಯೊಳಗೆ ಕೂಸುಗಳಿಗೆ ಒಂದು ಕೋಣೆ, ತಾಯಂದಿರಿಗೆ ಹಾಲೂಡಿಸಲು ಬಿಡುವು. ಹನ್ನೊಂದನೆಯದಾಗಿ ಬರೆಸಿರಿ. ಮಾತುಕತೆ ಇನ್ನೆಂಟು ದಿನ ಬೆಳೆದರೆ ಬೆಳೆಯಲಿ. ಹೇಗೂ ನಿಮ್ಮ ದಾರಿ ನೋಡುತ್ತ ಎಚ್ಚರವೇ ಇದ್ದೇನೆ.

ನಿಮ್ಮ
ನೀಲವ್ವ